ಬಣ್ಣದ ವೇಷದ ಕಪ್ಪು: ಒಂದು ಹೀಟ್ ಪ್ರೆಸ್ ಪ್ರಕರಣ

ಮಾಷ್ಟ್ರು ಕನ್ನಡಕವನ್ನು ಹಣೆಗೇರಿಸಿಕೊಂಡು ಮೊದಲ ಮೊಬೈಲ್ ಕವರನ್ನು ಬಾಗಿಲ ಬೆಳಕಿಗೆ ಹಿಡಿದರು. "ಇದು ಮಸಿಯಲ್ಲ ಮಾರಾಯರೇ, ಬೆಲ್ಲದ ಪಾಕ" ಎಂದರು. ಆಮೇಲೆ ಕೊನೆಯದನ್ನು ಎತ್ತಿಕೊಂಡರು. "ಇದರಲ್ಲೂ ಮಸಿ ಅಷ್ಟೇ. ಮೇಲಿಂದ ಚುಟ್ಟಿ ಬೇರೆ ಹಳದಿಯಾಗಿದೆ. ರಕ್ಕಸನಿಗೆ ಕಾಮಾಲೆ ಬಂದ ಹಾಗಿದೆ."

ನಮ್ಮದು ಕಾರ್ಕಳದಲ್ಲಿ ಜೆರಾಕ್ಸ್, ಲ್ಯಾಮಿನೇಷನ್, ಫೋಟೊ ಮಗ್ಗಿನ ಸಣ್ಣ ಅಂಗಡಿ. ಎರಡು ವರ್ಷದಿಂದ, ಶಾಖ ಕೊಟ್ಟು ಒತ್ತಿ ಚಿತ್ರ ಮೂಡಿಸುವ ಒಂದು ಹೀಟ್ ಪ್ರೆಸ್ ಇದೆ, ಅದರಲ್ಲಿ ಟೀ ಶರ್ಟು, ಮೌಸ್ ಪ್ಯಾಡು, ಆಗೊಮ್ಮೆ ಈಗೊಮ್ಮೆ ಮೊಬೈಲ್ ಕವರ್ ಮಾಡುತ್ತಿದ್ದೆವು. ಹುಟ್ಟುಹಬ್ಬದ ಫೋಟೊ, ಮಗುವಿನ ಮುಖ, ದೇವರ ಪಟ ಇವುಗಳಲ್ಲಿ ಬಣ್ಣ ಸ್ವಲ್ಪ ಆಚೀಚೆಯಾದರೂ ಗಿರಾಕಿ ಸುಮ್ಮನೆ ಒಯ್ಯುತ್ತಾನೆ. ಈ ಸಲ ಬಂದದ್ದು ಹಾಗಿರಲಿಲ್ಲ. ಆಟಿ ತಿಂಗಳ ತಾಳಮದ್ದಳೆ ಸಪ್ತಾಹಕ್ಕೆಂದು ಹವ್ಯಾಸಿ ಯಕ್ಷಗಾನ ಸಂಘವೊಂದು 48 ಕವರುಗಳನ್ನು ಹೇಳಿತ್ತು, ಕಲಾವಿದರಿಗೂ ದಾನಿಗಳಿಗೂ ಉಡುಗೊರೆಯಾಗಿ ಕೊಡಲು. ಚಿತ್ರ ಯಕ್ಷಗಾನದ ತೆಂಕುತಿಟ್ಟು ಶೈಲಿಯ ಬಣ್ಣದ ವೇಷದ, ಅಂದರೆ ರಕ್ಕಸನ ಮುಖ: ಕಪ್ಪು ಹಿನ್ನೆಲೆ, ಮುಖದ ತುಂಬ ಮಸಿ ಮತ್ತು ಕೆಂಪು, ಅದರ ಮೇಲೆ ಅಕ್ಕಿ ಹಿಟ್ಟು ಸುಣ್ಣ ಕಲಸಿ ಇಟ್ಟ ಚುಟ್ಟಿಯ ಬಿಳಿ ಮುಳ್ಳುಗಳು. ಸಂಘದ ಪರವಾಗಿ ಬಂದವರು ನಿವೃತ್ತ ಶಾಲಾ ಮಾಷ್ಟ್ರು. ಮೂವತ್ತು ವರ್ಷ ಬಣ್ಣ ಹಚ್ಚುವ ಚೌಕಿಯಲ್ಲಿ ಕುಳಿತು ತಮ್ಮ ಮುಖಕ್ಕೆ ತಾವೇ ಚುಟ್ಟಿ ಇಟ್ಟುಕೊಂಡವರು. ಅವರ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿರಲಿಲ್ಲ.

ಈಗ ಯೋಚಿಸಿದರೆ, ಸೆಟ್ಟಿಂಗ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದಿಲ್ಲ. ಶಾಖ ಕಡಿಮೆಯಾದರೆ ಕಪ್ಪು ಹೇಳಿಬಿಡುತ್ತದೆ, ಹೆಚ್ಚಾದರೆ ಬಿಳಿ ಹೇಳಿಬಿಡುತ್ತದೆ. ಆಗ ಮಾತ್ರ ಬೈದುಕೊಂಡೇ ಕೆಲಸ ಮಾಡಿದೆ.

ಮೊದಲ ಹನ್ನೊಂದು

ಕವರ್ ಎಂದರೆ ಎರಡು ಭಾಗ. ಒಂದು ರಬ್ಬರಿನಂತೆ ಬಾಗುವ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು, ಇನ್ನೊಂದು ಅದರ ಬೆನ್ನಿಗೆ ಅಂಟಿಸುವ ತೆಳ್ಳನೆಯ ಅಲ್ಯೂಮಿನಿಯಂ ಪ್ಲೇಟು. ಚಿತ್ರ ಕೂರುವುದು ಪ್ಲೇಟಿನ ಮೇಲೆ, ಅದರ ಬಿಳಿ ಪಾಲಿಯೆಸ್ಟರ್ ಲೇಪದೊಳಗೆ. ಪ್ರೆಸ್ಸಿನ ಕೆಳಗೆ ಹೋಗುವುದು ಪ್ಲೇಟು ಮಾತ್ರ. ಚಿತ್ರ ಮುದ್ರಿಸಿದ ಕಾಗದವನ್ನು ಅದರ ಮೇಲಿಟ್ಟು ಒತ್ತಿದರೆ ಬಣ್ಣ ಕಾಗದದಿಂದ ಲೇಪಕ್ಕೆ ಇಳಿಯುತ್ತದೆ. ಬೆಂಗಳೂರಿನಿಂದ 60 ತರಿಸಿದ್ದೆ. ಪೊಟ್ಟಣದೊಳಗಿದ್ದ ಚೀಟಿಯಲ್ಲಿ 200 ಡಿಗ್ರಿ, 90 ಸೆಕೆಂಡು ಎಂದು ಬರೆದಿತ್ತು. ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೊ 180 ಡಿಗ್ರಿ, 60 ಸೆಕೆಂಡು ಎಂದಿತು. ಉಡುಪಿಯ ಗೆಳೆಯನೊಬ್ಬ 190, ಎರಡು ನಿಮಿಷ ಎಂದ. ಮೂವರೂ ತಮ್ಮ ತಮ್ಮ ಪ್ರೆಸ್ಸಿನ ಮಟ್ಟಿಗೆ ಸತ್ಯವನ್ನೇ ಹೇಳಿದ್ದರು ಎನ್ನುವುದು ನನಗೆ ತಿಳಿದದ್ದು ಆಮೇಲೆ.

ಚೀಟಿಯನ್ನೇ ನಂಬಿ ಒಂದು ಸಂಜೆ 6 ಪ್ಲೇಟು ಒತ್ತಿದೆವು. ಮಾಷ್ಟ್ರು ನೋಡಿದ್ದು ಅವುಗಳನ್ನೇ. ಮೊದಲಿನವುಗಳಲ್ಲಿ ಕಪ್ಪು ಸಪ್ಪೆಯಾಗಿ ಕಂದಾಗಿತ್ತು, ಬಿಳಿ ಸರಿಯಾಗಿತ್ತು. ಕೊನೆಯವುಗಳಲ್ಲಿ ಕಪ್ಪು ಮತ್ತೆ ಕಂದು, ಜೊತೆಗೆ ಬಿಳಿಯೂ ಕೆಟ್ಟಿತ್ತು. ಒಂದೇ ಸೆಟ್ಟಿಂಗಿನಲ್ಲಿ ಎರಡು ಬಗೆಯ ತಪ್ಪು ಬಂದಿದೆ ಎಂಬುದು ಕಣ್ಣೆದುರೇ ಇತ್ತು. ನನಗೆ ಕಂಡದ್ದು 'ಕಪ್ಪು ಸಾಲದು' ಎಂಬುದೊಂದೇ. ಕಪ್ಪು ಸಾಲದಿದ್ದರೆ ಶಾಖ ಸಾಲದು ಎಂದು ಲೆಕ್ಕ ಹಾಕಿ ಮರುದಿನ ಬೆಳಿಗ್ಗೆ 210 ಡಿಗ್ರಿ, 120 ಸೆಕೆಂಡಿಗೆ ಏರಿಸಿದೆ.

ಮೊದಲ ಪ್ಲೇಟು ಚೆನ್ನಾಗಿಯೇ ಬಂತು. ಕಪ್ಪು ಕಪ್ಪಾಗಿತ್ತು, ಬಿಳಿ ಬಿಳಿಯಾಗಿತ್ತು. ಗೆದ್ದೆವು ಎಂದುಕೊಂಡು ಇನ್ನೂ 4 ಪ್ಲೇಟುಗಳನ್ನು ಸಾಲಾಗಿ ಒತ್ತಿದೆವು. ನಾಲ್ಕೂ ಸುಟ್ಟ ರೊಟ್ಟಿ. ಆ ಮೊದಲ ಪ್ಲೇಟು ಏಕೆ ಚೆನ್ನಾಗಿ ಬಂದಿತ್ತು ಎಂಬ ಪ್ರಶ್ನೆಯಲ್ಲೇ ಇಡೀ ಪ್ರಕರಣದ ಉತ್ತರ ಅಡಗಿತ್ತು. ಆದರೆ ಅದನ್ನು ಕೇಳುವಷ್ಟು ತಾಳ್ಮೆ ಆಗ ಇರಲಿಲ್ಲ, ಪ್ರೆಸ್ ಆರಿಸಿ ಶಟರ್ ಎಳೆದೆ.

ಲೆಕ್ಕ ಹೀಗಿತ್ತು: 60ರಲ್ಲಿ 11 ಪ್ಲೇಟು ಹೋಗಿ 49 ಉಳಿದಿದ್ದವು, ಬೇಕಾದದ್ದು 48. ಮೊಬೈಲ್ ಮಾಡೆಲುಗಳು 7 ಬಗೆಯವಾದ್ದರಿಂದ ಆ ಒಂದು ಹೆಚ್ಚುವರಿಯೂ ಕೆಲಸಕ್ಕೆ ಬರುವಂತಿರಲಿಲ್ಲ. ಇನ್ನು ಮೇಲೆ ಅಸಲು ಪ್ಲೇಟಿನ ಮೇಲೆ ಪ್ರಯೋಗ ಮಾಡುವಂತಿಲ್ಲ.

ಒಂದೇ ಕಂದು, ಎರಡು ಕಾರಣ

ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತವನು. ಅವನೇ ಒಂದು ವಿಷಯ ಗಮನಿಸಿದ್ದ. "ಅಣ್ಣ, ಬಳಸಿದ ಕಾಗದಗಳನ್ನು ಬಿಸಾಡಿಲ್ಲ, ಒಮ್ಮೆ ನೋಡಿ" ಎಂದು ಕಸದ ಪೆಟ್ಟಿಗೆಯಿಂದ ಹೆಕ್ಕಿ ಮೇಜಿನ ಮೇಲೆ ಹರಡಿದ. ಮೊದಲ ಸಂಜೆಯ ಮೊದಲ ಕಾಗದದಲ್ಲಿ ರಕ್ಕಸನ ಮುಖ ಇನ್ನೂ ಗಾಢವಾಗಿಯೇ ಇತ್ತು. ಅಂದರೆ ಬಣ್ಣದ ಬಹುಪಾಲು ಕಾಗದ ಬಿಟ್ಟು ಹೊರಟೇ ಇರಲಿಲ್ಲ. ಮರುದಿನದ ಕೊನೆಯ ಕಾಗದದಲ್ಲಿ ಮಸುಕು ನೆರಳು ಮಾತ್ರ ಉಳಿದಿತ್ತು, ಕಾಗದವೇ ಕಂದಿತ್ತು. ಪ್ಲೇಟಿನ ಮೇಲೆ ಎರಡೂ ಕಡೆ ಕಂದು. ಒಂದು ಬೇಯದ ಕಂದು, ಇನ್ನೊಂದು ಸೀದ ಕಂದು.

ಇದು ಏಕೆ ಹೀಗೆ ಎನ್ನುವುದಕ್ಕೆ ಶಾಯಿಯ ಗುಣವನ್ನು ಸ್ವಲ್ಪ ತಿಳಿಯಬೇಕು. ಸಬ್ಲಿಮೇಷನ್ ಶಾಯಿಯಲ್ಲಿರುವುದು ಪಾಲಿಯೆಸ್ಟರ್ ಬಟ್ಟೆಗೆ ಹಾಕುವ ಜಾತಿಯ ಬಣ್ಣ. ತೆರೆದಿಟ್ಟ ಕರ್ಪೂರ ನೀರಾಗದೆ ಮಾಯವಾಗುವಂತೆ, ಶಾಖ ತಗುಲಿದಾಗ ಈ ಬಣ್ಣ ಕರಗುವ ಗೋಜಿಗೆ ಹೋಗದೆ ಆವಿಯಾಗುತ್ತದೆ. ಅದೇ ಶಾಖಕ್ಕೆ ಪ್ಲೇಟಿನ ಮೇಲಿನ ಪಾಲಿಯೆಸ್ಟರ್ ಲೇಪ ಸಡಿಲವಾಗಿ ಆವಿಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ತಣಿದಾಗ ಬಿಗಿಯಾಗಿ ಬಣ್ಣವನ್ನು ಒಳಗೇ ಹಿಡಿದುಕೊಳ್ಳುತ್ತದೆ. ಹತ್ತಿಯ ಬಟ್ಟೆಯಲ್ಲಿ ಇದು ನಿಲ್ಲದಿರುವುದು, ಕವರಿನ ಮೇಲೆ ಉಗುರಿನಿಂದ ಕೆರೆದರೂ ಏಳದಿರುವುದು ಎರಡಕ್ಕೂ ಕಾರಣ ಇದೇ. ಕಪ್ಪು ಮಾತ್ರ ಒಂದೇ ಬಣ್ಣವಲ್ಲ. ಹಲವು ಬಣ್ಣಗಳನ್ನು ಕೂಡಿಸಿ ಕಪ್ಪಾಗಿಸಿರುತ್ತಾರೆ, ಅವೆಲ್ಲ ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ. ಶಾಖ ಸಾಲದಿದ್ದರೆ ಕೆಲವು ಹಿಂದುಳಿಯುತ್ತವೆ, ಹೆಚ್ಚಾದರೆ ಕೆಲವು ಹದ ಮೀರುತ್ತವೆ. ಎರಡೂ ಸಲ ಸಮತೋಲ ತಪ್ಪಿ ಕಪ್ಪು ಕಂದಿನ ಕಡೆಗೆ ವಾಲುತ್ತದೆ. ಬಿಳಿಯ ಕಥೆ ಸರಳ. ಈ ಶಾಯಿಯಲ್ಲಿ ಬಿಳಿ ಬಣ್ಣವೇ ಇಲ್ಲ. ಚಿತ್ರದಲ್ಲಿ ಬಿಳಿಯಾಗಿ ಕಾಣುವುದೆಲ್ಲ ಲೇಪದ ಬಿಳಿ. ಲೇಪ ಕಾದು ಕಂದಿದರೆ ಚುಟ್ಟಿಯೂ ಕಂದುತ್ತದೆ.

ಆದ್ದರಿಂದ ಕಂದು ಕಂಡಾಕ್ಷಣ ಡಿಗ್ರಿ ಏರಿಸುವುದು, ಜ್ವರವೋ ನಿತ್ರಾಣವೋ ನೋಡದೆ ಮಾತ್ರೆ ನುಂಗಿಸಿದಂತೆ. ಆ ದಿನದಿಂದ ನಮ್ಮಲ್ಲಿ ಬಳಸಿದ ಕಾಗದವನ್ನು ಅದೇ ಪ್ಲೇಟಿನ ಪಕ್ಕ ಇಟ್ಟು ನೋಡದೆ ಯಾರೂ ಗುಂಡಿ ಮುಟ್ಟುವುದಿಲ್ಲ.

ಫಲಕ ಹೇಳುವುದು, ಪ್ಲೇಟಿಗೆ ತಲುಪುವುದು

ಒಂದೇ ಸೆಟ್ಟಿಂಗಿನಲ್ಲಿ ಮೊದಲ ಪ್ಲೇಟು ಬೇಯದೆ ಕೊನೆಯದು ಸೀಯಬೇಕಾದರೆ ಶಾಖವೇ ಸ್ಥಿರವಾಗಿಲ್ಲ ಎಂದಾಯಿತು. ಪ್ರೆಸ್ಸಿನ ಫಲಕ ಮಾತ್ರ ಪ್ರತಿ ಸಲವೂ ಅಲುಗಾಡದೆ 200 ತೋರಿಸಿತ್ತು. ಹಾಗಾದರೆ ಫಲಕ ಹೇಳುವುದು ಯಾರ ಶಾಖವನ್ನು?

ಅಡುಗೆಯವರ ಬಳಿ ಇದ್ದ ಗನ್ ಥರ್ಮಾಮೀಟರ್ ಒಂದನ್ನು ಎರವಲು ತಂದೆ. ಆಗಷ್ಟೇ ಒತ್ತಿ ತೆಗೆದ ಪ್ಲೇಟಿನ ಹಿಂಬದಿಗೆ ಗುರಿಯಿಟ್ಟರೆ 70 ಚಿಲ್ಲರೆ ಡಿಗ್ರಿ ತೋರಿಸಿತು, ಮುಟ್ಟಿದರೆ ಬೊಬ್ಬೆ ಏಳುವ ಪ್ಲೇಟಿಗೆ! ಹೊಳೆಯುವ ಲೋಹ ತನ್ನ ಶಾಖವನ್ನು ಕಿರಣವಾಗಿ ಬಹಳ ಕಡಿಮೆ ಹೊರಸೂಸುತ್ತದೆ, ಆ ಗನ್ ಓದುವುದು ಕಿರಣವನ್ನೇ. ಪ್ರೆಸ್ಸಿನ ಮೇಲ್ದವಡೆಯ ಕಪ್ಪು ಟೆಫ್ಲಾನ್ ಲೇಪದ ಮೇಲೆ ಅದು ನಂಬಬಹುದಾದ ಅಂಕಿ ಕೊಡುತ್ತದೆ, ಬರಿಯ ಅಲ್ಯೂಮಿನಿಯಂ ಮೇಲೆ ಇಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಹುಡುಗನ ಮಲ್ಟಿಮೀಟರು. ಅದರ ಜೊತೆ ಬಂದಿದ್ದ ಶಾಖ ಅಳೆಯುವ ಥರ್ಮೊಕಪಲ್ ತಂತಿಯ ತುದಿಯನ್ನು ಒಂದು ಹಾಳಾದ ಪ್ಲೇಟಿನ ಮೇಲೆ ಶಾಖ ತಡೆಯುವ ಟೇಪಿನಿಂದ ಅಂಟಿಸಿ, ಮೇಲೆ ಕಾಗದ ಇಟ್ಟು, ನಿಜವಾಗಿ ಒತ್ತುವಂತೆಯೇ ಮುಚ್ಚಿದೆವು. ಪ್ಲೇಟು ಕಾಣುವ ಶಾಖ ಆಗ ನಮಗೂ ಕಂಡಿತು.

ಫಲಕದಲ್ಲಿ 190 ಇಟ್ಟು ಅಳೆದೆವು. ಪ್ರೆಸ್ ಆನ್ ಮಾಡಿ ಫಲಕ 190 ಮುಟ್ಟಿದ ಕೂಡಲೇ ಒತ್ತಿದರೆ 60 ಸೆಕೆಂಡಿನ ಕೊನೆಗೂ ಪ್ಲೇಟು 158 ಡಿಗ್ರಿಯಲ್ಲೇ ಇತ್ತು. ಅದೇ ಪ್ರೆಸ್ಸನ್ನು ಖಾಲಿಯಾಗಿ 10 ನಿಮಿಷ ಮುಚ್ಚಿಟ್ಟು ಮತ್ತೆ ಒತ್ತಿದರೆ 60 ಸೆಕೆಂಡಿಗೆ 182. ವ್ಯತ್ಯಾಸಕ್ಕೆ ಕಾರಣ ಕೆಳಗಿನ ಸಿಲಿಕೋನ್ ಹಾಸು. ಶಾಖದ ತಂತಿ ಇರುವುದು ಮೇಲ್ದವಡೆಯಲ್ಲಿ, ಅದರ ಅಳತೆಗಾರನೂ ಅಲ್ಲೇ. ಕೆಳಗಿನ ದಪ್ಪ ಹಾಸು ತಣ್ಣಗಿದ್ದರೆ ಮೊದಲ ಕೆಲವು ಒತ್ತುಗಳ ಶಾಖವನ್ನೆಲ್ಲ ಅದೇ ಕುಡಿಯುತ್ತದೆ. ಪ್ಲೇಟು ತೆಳ್ಳಗಿನ ಬಡಪಾಯಿ, ಮೇಲಿನ ಬಿಸಿ ಕೆಳಗಿನ ತಣ್ಣಗಿನ ನಡುವೆ ಸಿಕ್ಕಿಕೊಳ್ಳುತ್ತದೆ. 210 ಡಿಗ್ರಿಯಲ್ಲಿ ಒತ್ತಿದ ಆ ಮೊದಲ ಪ್ಲೇಟು ಚೆನ್ನಾಗಿ ಬಂದ ಗುಟ್ಟು ಇದು: ಹಾಸು ತಣ್ಣಗಿದ್ದರಿಂದ ಅತಿಯಾದ ಸೆಟ್ಟಿಂಗು ಆ ಒಂದು ಸಲ ಸರಿಯಾದ ಶಾಖವಾಗಿತ್ತು. ಹಾಸು ಕಾದ ಮೇಲೆ ಅದೇ ಸೆಟ್ಟಿಂಗು ಉಳಿದ ನಾಲ್ಕನ್ನು ಸುಟ್ಟಿತು. ದೋಸೆಯ ಕಾವಲಿಯ ಮೇಲೆ ಮೊದಲ ದೋಸೆ ಏಕೆ ಕೆಡುತ್ತದೆ ಎಂದು ನನ್ನ ಹೆಂಡತಿಯನ್ನು ಕೇಳಿದ್ದರೆ 11 ಪ್ಲೇಟು ಉಳಿಯುತ್ತಿತ್ತೇನೋ.

ಜಾಗದಿಂದ ಜಾಗಕ್ಕೂ ಅಳೆದೆವು. ನಮ್ಮದು 38 ಸೆಂಟಿಮೀಟರ್ ಚೌಕದ ಪ್ರೆಸ್. ನಡುವಿನಲ್ಲಿ 184 ನಿಂತಾಗ ಮುಂದಿನ ಎರಡು ಮೂಲೆಗಳಲ್ಲಿ 172, 170. ಅಂಚುಗಳು ಗಾಳಿಗೆ ಶಾಖ ಬಿಡುತ್ತವೆ, ಅದು ಎಲ್ಲ ಪ್ರೆಸ್ಸಿನಲ್ಲೂ ಇರುವುದೇ. ನಮ್ಮಲ್ಲಿ ಮೇಲಿನ ಫ್ಯಾನು ಬೇರೆ ನೇರ ಅದರ ಮೇಲೆ ಬೀಸುತ್ತಿತ್ತು. ಫ್ಯಾನು ಆರಿಸಿದೆವು, ಹಾಸಿನ ನಡುವೆ ಟೇಪಿನಿಂದ ಒಂದು ಚೌಕ ಗುರುತಿಸಿ, ಇನ್ನು ಆ ಚೌಕದೊಳಗೆ ಒಂದು ಸಲಕ್ಕೆ ಎರಡೇ ಪ್ಲೇಟು ಎಂದು ನಿಯಮ ಮಾಡಿದೆವು.

ಸಂಜೆ ಹೊತ್ತಿನ ಇನ್ನೊಂದು ಸಮಸ್ಯೆ ಮಾತ್ರ ಇದರಿಂದ ಬಗೆಹರಿಯಲಿಲ್ಲ. ಬೆಳಿಗ್ಗೆ 182 ಬರುವ ಕಡೆ ಸಂಜೆ 7ರ ಮೇಲೆ ಎರಡನೆಯ, ಮೂರನೆಯ ಒತ್ತಿಗೆ 171, 168 ಎಂದು ಇಳಿಯುತ್ತ ಹೋಗುತ್ತಿತ್ತು. ಹುಡುಗ ಪ್ಲಗ್ಗಿನ ವೋಲ್ಟೇಜ್ ನೋಡಿದ. ಬೆಳಿಗ್ಗೆ 11ಕ್ಕೆ 230 ಇದ್ದದ್ದು ಸಂಜೆ 190. ವೋಲ್ಟೇಜ್ ಇಷ್ಟು ಇಳಿದರೆ ಶಾಖ ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದು ನಾನು ಎಣಿಸಿದ್ದೆ. ಅವನು ನಕ್ಕ. ಕಾಯಿಸುವ ತಂತಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230ರಲ್ಲಿ 1800 ವ್ಯಾಟ್ ಎಳೆಯುವ ಪ್ರೆಸ್ 190ರಲ್ಲಿ ಸುಮಾರು 1230 ವ್ಯಾಟ್ ಮಾತ್ರ ಕೊಡುತ್ತದೆ, ಮೂರರಲ್ಲಿ ಒಂದು ಪಾಲು ಮಾಯ. ಪ್ರೆಸ್ ನಿಧಾನವಾಗಿಯಾದರೂ 190 ಡಿಗ್ರಿ ಮುಟ್ಟುತ್ತದೆ, ಆದರೆ ಪ್ರತಿ ಒತ್ತಿನಲ್ಲೂ ಕಳೆದುಕೊಂಡ ಶಾಖವನ್ನು ಮುಂದಿನ ಒತ್ತಿಗೆ ಮುಂಚೆ ತುಂಬಿಕೊಳ್ಳಲಾಗುವುದಿಲ್ಲ. ಇಷ್ಟು ವ್ಯಾಟಿಗೆ ಸಾಲುವ ಸ್ಟೆಬಿಲೈಸರ್ ಕೊಳ್ಳುವ ಬದಲು ಕೆಲಸದ ಹೊತ್ತನ್ನೇ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ಕ್ಕೆ ಬದಲಾಯಿಸಿದೆ. ಖರ್ಚಿಲ್ಲದ ಪರಿಹಾರ ಸಿಕ್ಕಿದರೆ ನಾನು ಬಿಡುವವನಲ್ಲ.

ಹದಿನಾಲ್ಕು ಹಳೆಯ ಪ್ಲೇಟುಗಳು

ಮೊಬೈಲ್ ಕವರ್ ಮಾರುವ ಪ್ರತಿ ಅಂಗಡಿಯಲ್ಲೂ ಸತ್ತ ಸರಕಿನ ಒಂದು ಡಬ್ಬ ಇರುತ್ತದೆ. ಯಾರೂ ಈಗ ಬಳಸದ ಮಾಡೆಲುಗಳ ಕವರುಗಳು. ನಮ್ಮ ಡಬ್ಬದಲ್ಲಿ ಅದೇ ಮಾರಾಟಗಾರರಿಂದ ಹಿಂದೆ ತಂದ, ಅದೇ ಬಗೆಯ ಲೇಪದ 14 ಪ್ಲೇಟು ಸಿಕ್ಕಿದವು. ವೇಷದ ಚಿತ್ರದಿಂದಲೇ ಒಂದು ತುಂಡು ಕತ್ತರಿಸಿ ಪರೀಕ್ಷಾ ಚಿತ್ರ ಮಾಡಿದೆ: ಗಟ್ಟಿ ಕಪ್ಪಿನ ಒಂದು ಪಟ್ಟಿ, ಕೆಂಪಿನ ಒಂದು ಪಟ್ಟಿ, ಕಪ್ಪಿನ ಮೇಲೆ ಚುಟ್ಟಿಯ ಒಂದು ಸಾಲು, ಕೆಳಗೆ ಕಪ್ಪಿನಿಂದ ಬಿಳಿಗೆ ಇಳಿಯುವ ಐದು ಬೂದಿ ಮೆಟ್ಟಿಲು. ಪ್ರತಿ ಪ್ಲೇಟಿನ ಹಿಂಬದಿಗೆ ಡಿಗ್ರಿ, ಸೆಕೆಂಡು ಬರೆದೇ ಒತ್ತಿದ್ದು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು ಎಂಬ ಹಟ ಹುಡುಗನದು. ಹಿಂದೆ ನಾನು ಡಿಗ್ರಿ, ಸಮಯ ಎರಡನ್ನೂ ಒಟ್ಟಿಗೆ ತಿರುಗಿಸಿ ಯಾವುದರಿಂದ ಏನಾಯಿತೆಂದು ತಿಳಿಯದೆ ಕುಳಿತವನು, ವಾದ ಮಾಡುವ ಮುಖ ಇರಲಿಲ್ಲ. ಮೊದಲ 7 ಪ್ಲೇಟಿಗೆ ಫಲಕ 190ರಲ್ಲೇ ಇಟ್ಟು ಸಮಯವನ್ನು 35, 45, 55, 65, 75, 90, 110 ಸೆಕೆಂಡು ಮಾಡಿದೆವು. ಮುಂದಿನ 7ಕ್ಕೆ ಸಮಯವನ್ನು 65ರಲ್ಲಿ ನಿಲ್ಲಿಸಿ 175ರಿಂದ 205ರವರೆಗೆ ಐದೈದು ಡಿಗ್ರಿ ಏರಿಸಿದೆವು.

ಒತ್ತಡವನ್ನು ಅದಕ್ಕೂ ಮೊದಲೇ ಸರಿಪಡಿಸಿಕೊಂಡಿದ್ದೆವು. ನಮ್ಮ ಪ್ರೆಸ್ ಹಿಂದಿನ ಕೀಲಿನ ಮೇಲೆ ಬಾಯಿ ತೆರೆಯುವ ಬಗೆಯದು, ಮೊಸಳೆಯ ದವಡೆಯಂತೆ. ಇಂಥವುಗಳಲ್ಲಿ ಹಿಂದಿನ ಭಾಗ ಮೊದಲು ಕಚ್ಚುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕಾಗದದ ಚೂರಿಟ್ಟು ಮುಚ್ಚಿ ಎಳೆದು ನೋಡಿದಾಗ ಹಿಂದಿನವು ಹರಿದವು, ಮುಂದಿನವು ನುಣ್ಣಗೆ ಹೊರಬಂದವು. ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ, ನಾಲ್ಕೂ ಬಿಗಿಯಾಗಿ ನಿಲ್ಲುವ, ಆದರೆ ಹಿಡಿಯನ್ನು ಒಂದೇ ಕೈಯಲ್ಲಿ ಇಳಿಸಬಹುದಾದ ಹಂತದಲ್ಲಿ ನಿಲ್ಲಿಸಿದೆವು. ಎಲ್ಲರೂ 'ಮಧ್ಯಮ ಒತ್ತಡ' ಎನ್ನುತ್ತಾರಲ್ಲ, ಅದಕ್ಕೆ ನಮ್ಮ ಅಂಗಡಿಯಲ್ಲಿ ಅರ್ಥ ಇದು. ಇದಕ್ಕಿಂತ ಬಿಗಿಯಾದರೆ ಮೆತ್ತನೆಯ ಹಾಸು ಪ್ಲೇಟಿನ ಅಂಚಿನ ಸುತ್ತ ಉಬ್ಬಿ ಕಾಗದವನ್ನು ಜರುಗಿಸುತ್ತದೆ.

14 ಪ್ಲೇಟುಗಳನ್ನು ಸಾಲಾಗಿ ಜೋಡಿಸಿ, ಹಿಂಬದಿಯ ಬರಹ ತೋರಿಸದೆ ಮಾಷ್ಟ್ರನ್ನು ಕರೆಸಿದೆವು. ಅವರು ಅಂಕಿಗಳ ಗೊಡವೆಗೆ ಹೋಗುವವರೇ ಅಲ್ಲ, ಸೀದಾ ವಿಂಗಡಿಸತೊಡಗಿದರು. 35, 45 ಸೆಕೆಂಡಿನವನ್ನು ಎತ್ತಿ "ಎಣ್ಣೆ ಹೆಚ್ಚಾಗಿ ಮಸಿ ತೆಳುವಾಯಿತು" ಎಂದು ಎಡಕ್ಕೆ ಇಟ್ಟರು. 90, 110ರವುಗಳನ್ನು ಬಲಕ್ಕೆ ತಳ್ಳಿದರು. "ಇದರ ಕಂದು ಬೇರೆ. ಒಳಗೆ ಕೆಂಪು ಇಣುಕುತ್ತಿದೆ. ಮತ್ತೆ ಚುಟ್ಟಿಯ ಮೊನೆ ನೋಡಿ, ಮೊಂಡಾಗಿದೆ. ಮುಳ್ಳು ಮುಳ್ಳಾಗಿ ಇರಬೇಕು." ನಾನು ಆವರೆಗೆ ಮೊನೆಯನ್ನು ನೋಡಿಯೇ ಇರಲಿಲ್ಲ. ಹೆಚ್ಚು ಹೊತ್ತು ಒತ್ತಿದಾಗ ಲೇಪದೊಳಗೆ ಬಣ್ಣ ಅಕ್ಕಪಕ್ಕಕ್ಕೂ ಹರಡುತ್ತದೆ, ಕಪ್ಪು ಬಿಳಿಯೊಳಗೆ ನುಗ್ಗಿ ಗೆರೆಗಳನ್ನು ಮಸುಕಾಗಿಸುತ್ತದೆ. ಬಿಳಿ ಹಳದಿಯಾಗುವ ಮುಂಚೆಯೇ ಮೊನೆ ಮೊಂಡಾಗುತ್ತದೆ. ಶಾಖ ಮೀರುತ್ತಿರುವುದಕ್ಕೆ ನಮಗೆ ಸಿಕ್ಕ ಅತಿ ಸೂಕ್ಷ್ಮ ಗುರುತು ಅದು, ಕೊಟ್ಟವರು ಪ್ರೆಸ್ಸನ್ನು ಮುಟ್ಟದವರು.

ಅವರು ನಡುವೆ ಉಳಿಸಿದ್ದು ಸಮಯದ ಸಾಲಿನಲ್ಲಿ 65 ಮತ್ತು 75, ಡಿಗ್ರಿಯ ಸಾಲಿನಲ್ಲಿ 185 ಮತ್ತು 190. ನಮ್ಮ ಕಣ್ಣಿಗೆ 195 ಕೂಡ ಒಳ್ಳೆಯದಾಗಿಯೇ ಕಂಡಿತ್ತು, ಕಪ್ಪು ಇನ್ನೂ ಗಾಢ. ಹೊಸ ಕಾಗದದ ಪಕ್ಕ ಇಟ್ಟಾಗಲೇ ಅದರ ಬಿಳಿ ದಂತದ ಬಣ್ಣಕ್ಕೆ ತಿರುಗಿರುವುದು ತಿಳಿದದ್ದು. 200, 205 ನೋಡುವ ಹಾಗೇ ಇರಲಿಲ್ಲ. ನಾವು ಆಯ್ದುಕೊಂಡದ್ದು ಫಲಕದಲ್ಲಿ 188 ಡಿಗ್ರಿ, 68 ಸೆಕೆಂಡು. ಅತ್ಯಂತ ಕಡುಗಪ್ಪು ಕೊಟ್ಟ ಅಂಚನ್ನು ಬಿಟ್ಟು ಹದದ ನಟ್ಟನಡುವೆ ನಿಂತದ್ದು ಬೇಕೆಂದೇ. ವೋಲ್ಟೇಜ್ ಸ್ವಲ್ಪ ಏರಿಳಿದರೂ, ಒಬ್ಬರು ಹಿಡಿ ಎತ್ತಲು ಐದು ಸೆಕೆಂಡು ತಡಮಾಡಿದರೂ ಪ್ಲೇಟು ಕೆಡಬಾರದು. ಅಂಗಡಿ ಎಂದ ಮೇಲೆ ಜೆರಾಕ್ಸಿಗೆ ಬಂದವರಿಗೆ ಚಿಲ್ಲರೆ ಕೊಡಲು ಓಡಬೇಕಾಗುತ್ತದೆ.

ಆ 188ನ್ನು ಯಾರೂ ನಕಲು ಮಾಡಬೇಡಿ. ಅದು ನಮ್ಮ ಫಲಕದ ಅಂಕಿ. ಪ್ಲೇಟು ಕಂಡದ್ದು 180ರ ಆಸುಪಾಸು.

ಮಳೆ

ಸೆಟ್ಟಿಂಗು ಸಿಕ್ಕಿದ ಮರುದಿನ ಧೋ ಎಂದು ಮಳೆ. ಮೊದಲ ಎರಡು ಪ್ಲೇಟಿನಲ್ಲೇ ಕಪ್ಪಿನ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆಗಳು, ಒಂದು ಕಡೆ ಮೋಡದಂಥ ಕಲೆ. ಡಿಗ್ರಿ, ಸೆಕೆಂಡು, ವೋಲ್ಟೇಜು ಎಲ್ಲ ಸರಿ. ಕಾಗದವನ್ನು ಕೈಗೆತ್ತಿಕೊಂಡರೆ ಹಪ್ಪಳದ ಹಿಟ್ಟಿನಂತೆ ಮೆತ್ತಗಿತ್ತು. ಕರಾವಳಿಯ ಜುಲೈಯಲ್ಲಿ ಉಪ್ಪು ನೀರಾಗುತ್ತದೆ, ಕಾಗದ ಮಾತ್ರ ಒಣಗಿರಬೇಕೆಂದರೆ ಹೇಗೆ? ಕಾಗದದಲ್ಲಿ ಸೇರಿದ ತೇವ ಪ್ರೆಸ್ಸಿನೊಳಗೆ ಒಮ್ಮೆಲೇ ಹಬೆಯಾಗಿ, ಹೊರಬರಲು ದಾರಿಯಿಲ್ಲದೆ ಬಣ್ಣದ ಆವಿಯನ್ನು ತಳ್ಳಿಬಿಡುತ್ತದೆ. ನಾವು ಮೇಲೆ ಟೆಫ್ಲಾನ್ ಹಾಳೆ ಬೇರೆ ಹೊದಿಸುತ್ತಿದ್ದೆವು, ಅದು ಹಬೆಯನ್ನು ಹಿಡಿದಿಡುವ ಮುಚ್ಚಳದಂತೆ ಕೆಲಸ ಮಾಡಿತು. ಅದರ ಬದಲು ಸಾಮಾನ್ಯ ಬಿಳಿ ಹಾಳೆಯನ್ನು ಮೇಲೆ ಕೆಳಗೆ ಇಟ್ಟು, ಪ್ರತಿ ಒತ್ತಿಗೂ ಹೊಸದನ್ನು ಬಳಸತೊಡಗಿದೆವು. ಹಾಳೆ ಹಬೆಯನ್ನು ಹೀರುತ್ತದೆ, ತಪ್ಪಿಸಿಕೊಂಡ ಬಣ್ಣವನ್ನೂ ತಾನೇ ಹಿಡಿಯುತ್ತದೆ.

ಹಿಂದೆ ನಮ್ಮ ಕಡೆಯ ಸ್ಟುಡಿಯೊದವರು ಕ್ಯಾಮೆರಾ ಲೆನ್ಸಿಗೆ ಬೂಸ್ಟು ಹಿಡಿಯಬಾರದೆಂದು ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಸಿಡುತ್ತಿದ್ದರು. ಹಳೆಯ ಕಬ್ಬಿಣದ ಟ್ರಂಕಿಗೆ ಅದೇ ಉಪಾಯ ಮಾಡಿ ಕಾಗದವನ್ನೂ ಮುದ್ರಿಸಿದ ಹಾಳೆಗಳನ್ನೂ ಅದರೊಳಗೆ ಇಟ್ಟೆವು, ಬಲ್ಬಿಗೆ ಏನೂ ತಗುಲದಂತೆ ನಡುವೆ ಜಾಲರಿ ಕೊಟ್ಟು. ಒತ್ತುವ ಮುಂಚೆ ಮುದ್ರಿತ ಹಾಳೆಯನ್ನು ತೆರೆದ ಪ್ರೆಸ್ಸಿನ ಕೆಳಗೆ, ಮುಟ್ಟಿಸದೆ, ಹತ್ತು ಸೆಕೆಂಡು ಹಿಡಿಯುತ್ತಿದ್ದೆವು. ಚುಕ್ಕೆಗಳು ನಿಂತವು. ಆಮೇಲೂ ಕಂಡ ಒಂದೆರಡು ನೀಲಿ ಚುಕ್ಕೆ ಧೂಳಿನದು, ಪ್ಲೇಟನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಒಂದು ಪ್ಲೇಟಿನಲ್ಲಿ ರಕ್ಕಸನಿಗೆ ಎರಡೆರಡು ಹುಬ್ಬು ಬಂದವು. ಅದು ಆತುರದಿಂದ ಆದದ್ದು. ಟೈಮರ್ ಕೂಗಿದ ಮೇಲೂ ಕೆಲವು ಸೆಕೆಂಡು ಬಣ್ಣ ಆವಿಯಾಗಿಯೇ ಇರುತ್ತದೆ. ಹಿಡಿಯನ್ನು ಜಗ್ಗಿ ಎತ್ತಿದರೆ ಕಾಗದ ಎದ್ದು ಇನ್ನೊಂದು ಜಾಗದಲ್ಲಿ ಕುಳಿತು ಎರಡನೆಯ ಮುದ್ರೆ ಒತ್ತುತ್ತದೆ. ಕಾಗದವನ್ನು ಪ್ಲೇಟಿನ ಹಿಂದಕ್ಕೆ ಮಡಚಿ ಎರಡು ಕಡೆ ಶಾಖ ತಡೆಯುವ ಟೇಪು ಹಾಕುವುದು, ಮೆಲ್ಲಗೆ ಎತ್ತುವುದು, ಕೈಗವಸು ತೊಟ್ಟು ಬಿಸಿಯಲ್ಲೇ ಒಂದೇ ಎಳೆತಕ್ಕೆ ಕಾಗದ ತೆಗೆಯುವುದು, ಇಷ್ಟೇ. ಬಿಸಿ ಪ್ಲೇಟು ತುಸು ಬಾಗಿರುತ್ತದೆ, ಹಾಗೇ ತಣಿದರೆ ಚೌಕಟ್ಟಿಗೆ ಅಂಟಿಸಿದ ಮೇಲೆ ಮೂಲೆ ಏಳುತ್ತದೆ. ಕರಿಕಲ್ಲಿನ ಎರಡು ತುಂಡುಗಳ ನಡುವೆ ಇಟ್ಟೆವು. ಬಾಹುಬಲಿಯ ಊರಿನಲ್ಲಿ ಕಲ್ಲಿಗೆ ಬರವೇ.

ಕೆಂಪು ಮಾತ್ರ ಕೇಳಲಿಲ್ಲ

ಕಪ್ಪು, ಬಿಳಿ ಎರಡೂ ದಾರಿಗೆ ಬಂದ ಮೇಲೆ ಮಾಷ್ಟ್ರ ತಕರಾರು ಕೆಂಪಿನತ್ತ ಹೊರಳಿತು. "ಇಂಗಳೀಕದ ಕೆಂಪು ಇದಲ್ಲ. ಇದು ಕಿತ್ತಳೆ ಹಣ್ಣು." ನನ್ನ ಕೈ ಮತ್ತೆ ಡಿಗ್ರಿಯ ಗುಂಡಿಯ ಕಡೆ ಹೋಗಿತ್ತು. ಹುಡುಗ 14 ಪ್ಲೇಟುಗಳ ಸಾಲನ್ನು ಮತ್ತೊಮ್ಮೆ ಹರಡಿದ. 55ರಿಂದ 90 ಸೆಕೆಂಡಿನವರೆಗೂ, 180ರಿಂದ 195ರವರೆಗೂ ಕೆಂಪು ಒಂದೇ ಕಿತ್ತಳೆ. ಗಾಢವಾಗಿದೆ, ಸಪ್ಪೆಯಾಗಿದೆ, ಆದರೆ ಬಣ್ಣದ ಕುಲ ಬದಲಾಗಿಲ್ಲ. ಶಾಖ ಬದಲಾದರೂ ಬದಲಾಗದ ತಪ್ಪು ಶಾಖದ್ದಾಗಿರಲಾರದು.

ತಪ್ಪು ಕಂಪ್ಯೂಟರಿನಲ್ಲಿತ್ತು. ನಮ್ಮದು ಸಬ್ಲಿಮೇಷನ್ ಶಾಯಿ ತುಂಬಿಸಿದ ಎಪ್ಸನ್ ಪ್ರಿಂಟರು. ಅದರ ಸ್ವಂತ ಬಣ್ಣದ ಲೆಕ್ಕಾಚಾರ ಮೂಲ ಶಾಯಿಗೆ, ಫೋಟೊ ಕಾಗದಕ್ಕೆ ಮಾಡಿದ್ದು. ಶಾಯಿಯವರು ಕೊಟ್ಟ, ಆ ಶಾಯಿಗೆ ತಕ್ಕಂತೆ ಬಣ್ಣ ತಿದ್ದುವ ಕಲರ್ ಪ್ರೊಫೈಲನ್ನು ಹಾಕಿಕೊಂಡಿದ್ದೆ ನಿಜ, ಆದರೆ ಪ್ರಿಂಟರಿನ ತಿದ್ದುಪಡಿಯನ್ನು ಆಫ್ ಮಾಡಿರಲಿಲ್ಲ. ಇಬ್ಬರು ಒಟ್ಟಿಗೆ ಉಪ್ಪು ಹಾಕಿದ ಸಾರು. ಪ್ರಿಂಟರಿನದನ್ನು ಆಫ್ ಮಾಡಿ ಪ್ರೊಫೈಲನ್ನು ಮಾತ್ರ ಉಳಿಸಿದೆ. ಒತ್ತುವ ಮುಂಚೆ ಕಾಗದದ ಮೇಲೆ ಚಿತ್ರ ಮೊದಲಿಗಿಂತ ಮಂಕಾಗಿ ಕಂಡಿತು. ಅದನ್ನು ನೋಡಿ ಗಾಬರಿಯಾಗಬಾರದು, ಸಬ್ಲಿಮೇಷನ್ ಕಾಗದದ ಮೇಲಿನ ಬಣ್ಣ ಎಂದೂ ಅಸಲು ಬಣ್ಣವಲ್ಲ. ಪ್ಲೇಟಿನ ಮೇಲೆ ಕೆಂಪು ಕೆಂಪಾಗಿಯೇ ಬಂತು. ಮಾಷ್ಟ್ರು ಏನೂ ಹೇಳಲಿಲ್ಲ, ಚಹಾ ತರಿಸಿ ಎಂದರು.

ನಡುವೆ ದಾನಿಯೊಬ್ಬರು ತಮ್ಮ ಕವರಿನ ಬದಿಗಳಲ್ಲೂ ಚಿತ್ರ ಬೇಕೆಂದರು. ಅದು ನಮ್ಮ ಚಪ್ಪಟೆ ಪ್ರೆಸ್ಸಿನ ಕೆಲಸವಲ್ಲ. ಅದಕ್ಕೆ ಪೂರ್ತಿ ಲೇಪ ಹಾಕಿದ ಗಟ್ಟಿ ಕವರು, ಒಳಗೆ ತುಂಬಿಸಲು ಅದೇ ಆಕಾರದ ಲೋಹದ ಅಚ್ಚು, ಗಾಳಿ ಎಳೆದು ಕಾಗದವನ್ನು ಸುತ್ತಲೂ ಅಂಟಿಸುವ ವ್ಯಾಕ್ಯೂಮ್ ಯಂತ್ರ ಬೇಕು. ಗಟ್ಟಿ ಕವರಿನ ಪ್ಲಾಸ್ಟಿಕ್ಕಾದ ಪಾಲಿಕಾರ್ಬೊನೇಟ್ 150 ಡಿಗ್ರಿಗೂ ಮುಂಚೆಯೇ ಮೆತ್ತಗಾಗುವ ವಸ್ತು, ಅಚ್ಚಿಲ್ಲದೆ ಕಾಯಿಸಿದರೆ ಮುದ್ದೆಯಾಗುತ್ತದೆ. ಒಂದು ಹಳೆಯ ಚೌಕಟ್ಟನ್ನು ಇಟ್ಟು ತೋರಿಸಿದ ಮೇಲೆ ಅವರು ಒಪ್ಪಿದರು. ಆ ವಾಸನೆ ಎರಡು ದಿನ ಅಂಗಡಿಯಲ್ಲಿತ್ತು.

48ರಲ್ಲಿ ಮಳೆಯ ಚುಕ್ಕೆ ಬಿದ್ದ ಎರಡು, ಎರಡು ಹುಬ್ಬಿನ ಒಂದು ಸೇರಿ 3 ಪ್ಲೇಟು ಕೆಟ್ಟವು. ಬದಲಿ ಪ್ಲೇಟು ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು ಸಪ್ತಾಹದ ಹಿಂದಿನ ಮಧ್ಯಾಹ್ನ ಎಲ್ಲವನ್ನೂ ಒಪ್ಪಿಸಿದೆವು. ಮಾಷ್ಟ್ರ ಕೈಯಲ್ಲಿರುವುದು ಗುಂಡಿ ಒತ್ತುವ ಹಳೆಯ ಮೊಬೈಲು, ಅದಕ್ಕೆ ಹೊಂದುವ ಕವರಿಲ್ಲ. 65 ಸೆಕೆಂಡಿನ ಪರೀಕ್ಷಾ ಪ್ಲೇಟನ್ನು ಕೇಳಿ ಒಯ್ದರು.

ಸೆಪ್ಟೆಂಬರಿನಲ್ಲಿ ಅದೇ ಮಾರಾಟಗಾರರಿಂದ ಹೊಸ ಪೊಟ್ಟಣ ಬಂತು. ಲೇಪ ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು, ಒಳಗೆ ಅದೇ 200 ಡಿಗ್ರಿಯ ಚೀಟಿ. 188, 68ರಲ್ಲಿ ಒತ್ತಿದ ಮೊದಲ ಪ್ಲೇಟಿನ ಬಿಳಿ ದಂತಬಣ್ಣಕ್ಕೆ ತಿರುಗಿತ್ತು, ಕಾಗದದಲ್ಲಿ ಬಣ್ಣ ಉಳಿದೇ ಇರಲಿಲ್ಲ. ಹುಡುಗ ಏನೂ ಕೇಳದೆ ಸತ್ತ ಸರಕಿನ ಡಬ್ಬ ತೆಗೆದ. ಆದರೆ ಅದರಲ್ಲಿ ಹೊಸ ಲೇಪದ ಪ್ಲೇಟು ಎಲ್ಲಿಂದ ಬರಬೇಕು. ಪೊಟ್ಟಣದಿಂದಲೇ ಎರಡನ್ನು ಎತ್ತಿ ತಲಾ ಮೂರು ಪಟ್ಟಿಯಾಗಿ ಕತ್ತರಿಸಿದೆವು. ಐದನೆಯ ಪಟ್ಟಿಗೆ ಹದ ಸಿಕ್ಕಿತು: 182, 60 ಸೆಕೆಂಡು. ಈಗ ಪ್ರತಿ ಪೊಟ್ಟಣದ ಮೇಲೂ ಬಂದ ತಾರೀಕಿನ ಕೆಳಗೆ ಅದರ ಅಂಕಿ ಬರೆದಿರುತ್ತದೆ, ಹುಡುಗನ ಕೈಬರಹದಲ್ಲಿ.